ಮದರಾಸಿನಲ್ಲಿ ಕಂಡ ಒಂದು ಕಿರುಗ್ರಹ

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆಯನ್ನು ಬಿಟ್ಟು ಸ್ವಲ್ಪ ಒಳಕ್ಕೆ ಹೋದರೆ ದೊಡ್ಡಗದ್ದವಳ್ಳಿ ಎಂಬ ಗ್ರಾಮ ಸಿಕ್ಕುವುದು. ಅಲ್ಲಿ ಕೆರೆಯ ಮಗ್ಗುಲಲ್ಲಿರುವ ಲಕ್ಷ್ಮೀದೇವಿಯ ದೇವಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ನಾಲ್ಕು ಗರ್ಭಗೃಹಗಳುಳ್ಳ ಈ ಗುಡಿಯನ್ನು ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, ೧೨ನೆಯ ಶತಮಾನದ ಎರಡನೆಯ ದಶಕದಲ್ಲಿ, ಕುಲ್ಲಹಣ ರಾಹುತನೆಂಬ ವರ್ತಕನೂ ಆತನ ಪತ್ನಿ ಸಹಜಾದೇವಿಯೂ ಕಟ್ಟಿಸಿದರು. ಒಂಬೈನೂರು ವರ್ಷಗಳ ಮೇಲೂ ಆ ದಂಪತಿಗಳ ಹೆಸರು ನಮಗೆ ತಿಳಿದಿರುವುದು ಶಾಸನದಿಂದ. ಶಾಸನವನ್ನು ಬರೆಯಿಸದೆ ಹೋಗಿದ್ದರೆ ಗುಡಿಯೇನೋ ಉಳಿಯುತ್ತಿತ್ತು. ಕಟ್ಟಿಸಿದವರು ಯಾರೆಂಬುದು ಅಳಿದುಹೋಗುತ್ತಿತ್ತು.

ಪ್ರತಿ ವರ್ಷದಂತೆ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಹಿಂದಿರುಗುವ ಬಸ್ಸು ಬರುವುದು ತಡವಾಯಿತು. ಕೆರೆಯ ಏರಿಯ ಮೇಲೆ ಕುಳಿತಿದ್ದಂತೆಯೇ ಕತ್ತಲಾಗಿ ನಕ್ಷತ್ರಗಳು ಮೂಡಿದುವು. ಆಗ ಒಬ್ಬ ಹುಡುಗಿ ಕೇಳಿದಳು: "ಸಾರ್, ಹೊಸ ಗ್ರಹಗಳನ್ನೆಲ್ಲ ಯೂರೋಪಿನವರೇ ಕಂಡುಹಿಡಿದರು ಎಂದು ನಮ್ಮ ಪಾಠದಲ್ಲಿದೆ. ನಮ್ಮ ಕಡೆಯಿಂದ ಒಂದನ್ನೂ ಕಂಡುಹಿಡಿಯಲಿಲ್ಲವೆ?"

ನಾನು ಕನ್ನಡ ಪಂಡಿತ. ಛಂದಸ್ಸನ್ನು ಕೇಳಿದ್ದರೆ ಅಲ್ಲಿಯೇ ಹೇಳಿಬಿಡುತ್ತಿದ್ದೆ. ಇದಕ್ಕೆ ಮಾತ್ರ, "ತಿಳಿದು ಹೇಳುತ್ತೇನಮ್ಮ" ಎಂದೆ. ಆ ಮಾತನ್ನು ಉಳಿಸಿಕೊಳ್ಳುವುದಕ್ಕಾಗಿ ಓದಿ ತಿಳಿದ ಸಂಗತಿಯನ್ನೇ ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಮಂಗಳನಿಗೂ ಗುರುವಿಗೂ ನಡುವೆ ವಿಶಾಲವಾದ ಒಂದು ತೆರಪು ಉಂಟು. ಆ ತೆರಪಿನಲ್ಲಿ ಲಕ್ಷಾಂತರ ಕಲ್ಲುಗುಂಡುಗಳು ಸೂರ್ಯನನ್ನು ಸುತ್ತುತ್ತಿವೆ. ಇವಕ್ಕೆ ಕ್ಷುದ್ರಗ್ರಹಗಳೆಂದು ಹೆಸರು. 'ಕ್ಷುದ್ರ' ಎಂಬ ಮಾತಿಗೆ ಬೇರೆ ಅರ್ಥವೂ ಇರುವುದರಿಂದ ನಾನು ಕಿರುಗ್ರಹಗಳೆಂದೇ ಕರೆಯುತ್ತೇನೆ. ಇವುಗಳಲ್ಲಿ ಮೊದಲನೆಯದಾದ ಸಿರೀಸನ್ನು ೧೮೦೧ನೆಯ ಇಸವಿ ಜನವರಿ ೧ರಂದು ಇಟಲಿ ದೇಶದವನಾದ ಪಿಯಾಜಿ ಎಂಬಾತನು ಸಿಸಿಲಿ ದ್ವೀಪದ ಪಲೆರ್ಮೊ ನಗರದಿಂದ ಕಂಡನು. ಆದರೆ ಅವನಿಗೆ ಅದನ್ನು ನೋಡಲು ದೊರೆತದ್ದು ಆರೇ ವಾರ. ಫೆಬ್ರವರಿಯ ನಡುವಿನೊಳಗಾಗಿ ವೀಕ್ಷಣೆ ನಿಂತಿತು; ಅನಂತರ ಆ ಗ್ರಹ ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಮರಳಿ ಎಲ್ಲಿ ಮೂಡುವುದೆಂದು ಯಾರೂ ಹೇಳಲಾರದಾದರು. ಸಿಕ್ಕಿದ ಗ್ರಹ ಕಳೆದುಹೋಗಿತ್ತು.

ಆಗ ಜರ್ಮನಿಯ ಗೌಸ್ ಎಂಬ ತರುಣ ಗಣಿತಜ್ಞನು ಪಿಯಾಜಿಯ ಕೆಲವೇ ಅಳತೆಗಳನ್ನು ಹಿಡಿದು ಅದರ ಹಾದಿಯನ್ನು ಗುಣಿಸಿದನು. ಅವನಿಗಿನ್ನೂ ೨೪ ವರ್ಷ. ಅವನು ಸೂಚಿಸಿದ ಎಡೆಯಲ್ಲಿಯೇ ಅದೇ ವರ್ಷದ ಡಿಸೆಂಬರ್ ೩೧ರಂದು ಗ್ರಹವು ಮತ್ತೆ ಕಂಡಿತು. ಕಣ್ಣಿಗೆ ಬಿದ್ದ ಮಾತ್ರಕ್ಕೆ ಗ್ರಹವು ಕೈಗೆ ಸಿಕ್ಕಿದಂತಲ್ಲ, ಅದು ನಡೆಯುವ ಹಾದಿ ತಿಳಿಯಬೇಕು ಎಂಬುದನ್ನು ಜಗತ್ತು ಅಂದು ಕಲಿತಿತು. ಆ ಹಾದಿಗೆ ಕಕ್ಷೆ ಎಂದು ಹೆಸರು. ಗುಡಿಗೆ ಶಾಸನ ಹೇಗೋ ಕಿರುಗ್ರಹಕ್ಕೆ ಕಕ್ಷೆ ಹಾಗೆ.

ಈಗ ನಮ್ಮ ನಾಡಿನ ಕಡೆಗೆ ಬರೋಣ. ಮದರಾಸಿನ, ಎಂದರೆ ಇಂದಿನ ಚೆನ್ನೈಯ, ನುಂಗಂಬಾಕ್ಕಂ ಎಂಬಲ್ಲಿ ೧೭೯೨ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ಒಂದು ವೇಧಶಾಲೆಯನ್ನು ಕಟ್ಟಿಸಿದರು. ಹಡಗುಗಳ ಯಾನಕ್ಕೂ ಭೂಮಾಪನಕ್ಕೂ ನಕ್ಷತ್ರಗಳ ಖಚಿತವಾದ ಸ್ಥಾನಗಳು ಅವರಿಗೆ ಬೇಕಾಗಿದ್ದುವು. ದೂರದರ್ಶಕವನ್ನು ನಿಲ್ಲಿಸುವುದಕ್ಕಾಗಿ ಅಲ್ಲಿ ನೆಟ್ಟ ಕಣಶಿಲೆಯ ಭಾರಿ ಕಂಬವೊಂದರ ಮೇಲೆ ಆ ಕಟ್ಟಡದ ಸಂಗತಿಯನ್ನು ತಮಿಳು, ತೆಲುಗು ಮುಂತಾದ ಹಲವು ಭಾಷೆಗಳಲ್ಲಿ ಕೆತ್ತಿಸಿದರು. ಶಾಸನ ಬರೆಯಿಸುವ ನಮ್ಮ ನಾಡಿನ ಪದ್ಧತಿ ಪರದೇಶದವರಿಗೂ ರುಚಿಸಿತೆಂದು ಕಾಣುತ್ತದೆ.

ಈ ವೇಧಶಾಲೆಗೆ ೧೮೬೧ರ ಆರಂಭದಲ್ಲಿ ನಾರ್ಮನ್ ಪಾಗ್‌ಸನ್ ಎಂಬ ಆಂಗ್ಲ ಮಹಾಶಯರು ಸರ್ಕಾರಿ ಖಗೋಳಜ್ಞರಾಗಿ ಬಂದರು. ಅದಕ್ಕೆ ಮೊದಲೇ ಆಕ್ಸ್‌ಫರ್ಡಿನಲ್ಲಿ ಮೂರು ಕಿರುಗ್ರಹಗಳನ್ನು ಕಂಡುಹಿಡಿದಿದ್ದ ಅನುಭವಸ್ಥರು ಅವರು. ನಕ್ಷತ್ರಗಳ ಕಾಂತಿಯನ್ನು ಮೊದಲನೆಯ ವರ್ಗ, ಎರಡನೆಯ ವರ್ಗ ಎಂದು ಎಣಿಸುವಾಗ ಒಂದು ವರ್ಗಕ್ಕೂ ಮತ್ತೊಂದಕ್ಕೂ ಎರಡೂವರೆ ಪಟ್ಟಿನಷ್ಟು ವ್ಯತ್ಯಾಸವಿರಬೇಕೆಂಬ ನಿಯಮವನ್ನು ೧೮೫೬ರಲ್ಲಿ ಸೂಚಿಸಿದವರೂ ಅವರೇ. ಖಗೋಳಜ್ಞರು ಇಂದಿಗೂ ಆ ಮಾನವನ್ನೇ ಬಳಸುವರು.

ಆ ಕಾಲದಲ್ಲಿ ಕಿರುಗ್ರಹವನ್ನು ಹುಡುಕುವುದು ಹೇಗಿತ್ತೆಂಬುದನ್ನು ಊಹಿಸಿಕೊಳ್ಳಿರಿ. ಛಾಯಾಚಿತ್ರದ ಸಹಾಯವಿಲ್ಲ, ಛಾಯಾಚಿತ್ರದಿಂದ ಕಿರುಗ್ರಹವನ್ನು ಮೊದಲು ಹಿಡಿದದ್ದು ೧೮೯೧ರಲ್ಲಿ. ಆದುದರಿಂದ ಆಕಾಶದ ಒಂದು ತುಂಡನ್ನು ಆರಿಸಿಕೊಂಡು, ಅಲ್ಲಿರುವ ಮಂಕು ನಕ್ಷತ್ರಗಳನ್ನೆಲ್ಲ ಪಟದಲ್ಲಿ ಗುರುತಿಸಿಕೊಂಡು, ರಾತ್ರಿ ರಾತ್ರಿಯೂ ಪಟವನ್ನೂ ಆಕಾಶವನ್ನೂ ಹೋಲಿಸಿ ನೋಡಬೇಕು. ಪಟದಲ್ಲಿಲ್ಲದ ಚುಕ್ಕೆಯೊಂದು ಕಂಡರೆ ಅದರ ಸ್ಥಾನವನ್ನು ಅಳೆಯಬೇಕು. ಮರುರಾತ್ರಿ ಅದು ಚಂದ್ರಬಿಂಬದ ಅಗಲದ ಅರ್ಧದಷ್ಟು ಸರಿದಿದ್ದರೆ ಕಿರುಗ್ರಹವೆಂದು ಸಂಶಯಪಡಬಹುದು. ಸರಿಯದೆ ಇದ್ದರೆ ಪಟವನ್ನು ಬರೆದವನು ಒಂದು ನಕ್ಷತ್ರವನ್ನು ಬಿಟ್ಟಿದ್ದನೆಂದು ತಿಳಿದು ಸುಮ್ಮನಾಗಬೇಕು. ಮೋಡ ಕವಿದರೆ ಎಲ್ಲ ಶ್ರಮವೂ ವ್ಯರ್ಥ.

ಪಾಗ್‌ಸನ್ನರು ಬಂದ ಕೆಲವೇ ತಿಂಗಳುಗಳಲ್ಲಿ, ೧೮೬೧ರ ಏಪ್ರಿಲ್ ೧೭ರಂದು, ಅಂಥ ಒಂದು ಚುಕ್ಕೆ ಮದರಾಸಿನ ದೂರದರ್ಶಕಕ್ಕೆ ಸಿಕ್ಕಿತು. ಏಷ್ಯಾ ಖಂಡದಿಂದ ಕಂಡುಹಿಡಿದ ಮೊಟ್ಟಮೊದಲನೆಯ ಕಿರುಗ್ರಹ ಅದು. ಆದುದರಿಂದಲೇ ಅದಕ್ಕೆ 'ಏಷ್ಯಾ' ಎಂದು ಹೆಸರಾಯಿತು. ಗ್ರೀಕರ ಪುರಾಣದಲ್ಲಿಯೂ ಆ ಹೆಸರಿನ ದೇವಿಯೊಬ್ಬಳಿದ್ದಾಳೆ. ಕಿರುಗ್ರಹಗಳ ಪಟ್ಟಿಯಲ್ಲಿ ಅದರ ಸಂಖ್ಯೆ ೬೭.

ಕಂಡದ್ದಾಯಿತು, ಇನ್ನು ಕಕ್ಷೆಯ ಮಾತು. ಪಂಚಾಂಗಕ್ಕೆ ತಿಥಿ, ವಾರ, ನಕ್ಷತ್ರ, ಯೋಗ, ಕರಣವೆಂದು ಐದು ಅಂಗಗಳಿರುವಂತೆ ಕಕ್ಷೆಗೆ ಆರು ಅಂಗಗಳುಂಟು. ಹಾದಿ ಎಷ್ಟು ದೊಡ್ಡದು, ಎಷ್ಟು ಅಂಡಾಕಾರವಾದದ್ದು, ಭೂಮಿಯ ಹಾದಿಗೆ ಎಷ್ಟು ಓರೆ, ಎಲ್ಲಿ ಅದನ್ನು ದಾಟುವುದು, ಯಾವ ದಿಕ್ಕಿನಲ್ಲಿ ಸೂರ್ಯನಿಗೆ ಹತ್ತಿರವಾಗುವುದು, ಗೊತ್ತಾದ ಒಂದು ದಿನ ಆ ಹಾದಿಯ ಮೇಲೆ ಎಲ್ಲಿತ್ತು. ಈ ಆರೂ ದೊರೆತರೆ ಮುಂದಿನ ಯಾವ ರಾತ್ರಿಗಾದರೂ ಗ್ರಹದ ಸ್ಥಾನವನ್ನು ಮೊದಲೇ ಹೇಳಬಹುದು. ಇವು ದೊರೆಯಬೇಕಾದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಅಳತೆಗಳು ಬೇಕು. ಆ ಕಾಲದಲ್ಲಿ ಭಾರತಕ್ಕೂ ಯೂರೋಪಿಗೂ ನೇರವಾದ ತಂತಿಯ ಸಂಪರ್ಕ ಇನ್ನೂ ಆಗಿರಲಿಲ್ಲ. ಸುದ್ದಿ ಹೋಗಬೇಕಾದರೆ ಹಡಗಿನ ಅಂಚೆಯೇ ಗತಿ. ಅಲ್ಲಿಯ ವೇಧಶಾಲೆಗಳಿಗೆ ಕಾಗದ ಮುಟ್ಟುವವರೆಗೆ ಗ್ರಹವನ್ನು ಬಿಡದೆ ಹಿಂಬಾಲಿಸುವ ಹೊಣೆಯೆಲ್ಲ ಮದರಾಸಿನವರದೇ.

ಇಂದು ನಮಗೆ ಏಷ್ಯಾದ ಹಾದಿ ಚೆನ್ನಾಗಿ ತಿಳಿದಿದೆ. ಭೂಮಿಯಿಂದ ಸೂರ್ಯನಿಗಿರುವ ಸುಮಾರು ೧೫ ಕೋಟಿ ಕಿಲೋಮೀಟರ್ ದೂರವನ್ನು ಒಂದು ಅಳತೆಗೋಲೆಂದು ಇಟ್ಟುಕೊಳ್ಳಿರಿ. ಏಷ್ಯಾದ ಸರಾಸರಿ ದೂರ ಅಂಥ ೨.೪೨ ಕೋಲು. ಆದರೆ ಅದರ ಹಾದಿ ದುಂಡಗಿಲ್ಲ. ಸೂರ್ಯನಿಗೆ ಹತ್ತಿರವಾದಾಗ ೧.೯೭ ಕೋಲು, ದೂರವಾದಾಗ ೨.೮೭ ಕೋಲು. ಎಂದರೆ, ಹತ್ತಿರದಲ್ಲಿ ಸುಮಾರು ೨೯.೫ ಕೋಟಿ, ದೂರದಲ್ಲಿ ಸುಮಾರು ೪೩ ಕೋಟಿ ಕಿಲೋಮೀಟರ್. ಭೂಮಿಯ ಹಾದಿಗೆ ಅದು ಸುಮಾರು ೬ ಅಂಶ ಓರೆಯಾಗಿರುವುದು.

ಅದು ಸೂರ್ಯನನ್ನು ಒಮ್ಮೆ ಸುತ್ತಲು ಎಷ್ಟು ಕಾಲ ಹಿಡಿಯುವುದು? ಇದನ್ನು ನೀವೇ ಮನೆಯಲ್ಲಿ ಕುಳಿತು ಲೆಕ್ಕ ಹಾಕಬಹುದು. ಕೆಪ್ಲರ್ ಎಂಬ ಮಹನೀಯನು ಹಾಕಿಕೊಟ್ಟ ಸೂತ್ರ ಬಹಳ ಸುಲಭ: ದೂರವನ್ನು ಅಳತೆಗೋಲಿನ ಲೆಕ್ಕದಲ್ಲಿ ತೆಗೆದುಕೊಂಡು, ಅದರ ಘನವನ್ನು ಮಾಡಿ, ಬಂದದ್ದಕ್ಕೆ ವರ್ಗಮೂಲವನ್ನು ಹಿಡಿದರೆ ವರ್ಷಗಳು ಬರುವುವು. ೧೨ನೆಯ ಶತಮಾನದಲ್ಲಿಯೇ ರಾಜಾದಿತ್ಯನು ಕನ್ನಡದಲ್ಲಿ ವ್ಯವಹಾರಗಣಿತವನ್ನು ಬರೆದ ನಾಡು ನಮ್ಮದು. ಇಷ್ಟು ಲೆಕ್ಕಕ್ಕೆ ನಾವು ಅಂಜಬೇಕಾಗಿಲ್ಲ. ಉತ್ತರ ಮೂರು ಮುಕ್ಕಾಲು ವರ್ಷಕ್ಕೆ ಸ್ವಲ್ಪ ಮೇಲೆ ಬರುವುದು. ಮಂಗಳನಿಗೆ ಒಂದು ಸುತ್ತಿಗೆ ೧.೮೮ ವರ್ಷ. ಆದುದರಿಂದ ಏಷ್ಯಾ ಒಂದು ಪ್ರದಕ್ಷಿಣೆ ಮುಗಿಸುವಷ್ಟರಲ್ಲಿ ಮಂಗಳನು ಹೆಚ್ಚುಕಡಮೆ ಸರಿಯಾಗಿ ಎರಡನ್ನು ಮುಗಿಸಿರುತ್ತಾನೆ.

ಇನ್ನೊಂದು ಪಕ್ಕದಲ್ಲಿ ಗುರುವಿನ ಪ್ರಭಾವವಿದೆ. ಗುರುವಿನ ಸುತ್ತು ೧೧.೮೬ ವರ್ಷ. ಅದರ ಮೂರರಲ್ಲೊಂದು ಭಾಗದ ಅವಧಿಯುಳ್ಳ ಹಾದಿಯಲ್ಲಿ, ಎಂದರೆ ಸುಮಾರು ೨.೫ ಕೋಲು ದೂರದಲ್ಲಿ, ಕಿರುಗ್ರಹಗಳೇ ಇಲ್ಲವೆನ್ನುವಷ್ಟು ವಿರಳ. ಮೂರು ಸುತ್ತಿಗೊಮ್ಮೆ ಗುರುವಿನ ಸೆಳೆತ ಕ್ರಮವಾಗಿ ಬಿದ್ದು ಅಂಥವುಗಳ ಹಾದಿ ಕೆಡುವುದೇ ಕಾರಣ. ಇಂಥ ಖಾಲಿ ಜಾಗಗಳನ್ನು ೧೮೬೬ರಲ್ಲಿ ಕರ್ಕ್‌ವುಡ್ ಎಂಬ ಅಮೆರಿಕನ್ ಪಂಡಿತರು ಎತ್ತಿ ತೋರಿಸಿದರು. ನಮ್ಮ ಏಷ್ಯಾ ಆ ಖಾಲಿ ಜಾಗದ ಅಂಚಿಗೆ ಸ್ವಲ್ಪ ಈಚೆ, ಸೂರ್ಯನ ಕಡೆಗೆ, ಉಳಿದುಕೊಂಡಿದೆ.

ಅದರ ಗಾತ್ರವೋ, ಅಡ್ಡಳತೆಯಲ್ಲಿ ಸುಮಾರು ೬೦ ಕಿಲೋಮೀಟರ್. ಬೇಲೂರಿನಿಂದ ಹೊಳೆನರಸೀಪುರಕ್ಕೆ ಭೂಪಟದ ಮೇಲೆ ನೇರವಾಗಿ ಗೆರೆ ಎಳೆದರೆ ಎಷ್ಟು ದೂರವೋ ಹೆಚ್ಚುಕಡಮೆ ಅಷ್ಟು. ಸುಮಾರು ೧೬ ಗಂಟೆಗಳಿಗೊಮ್ಮೆ ತನ್ನ ಸುತ್ತ ತಾನು ತಿರುಗುವುದು. ಬರಿಗಣ್ಣಿಗೆ ಎಂದೂ ಕಾಣದು. ಸುಮಾರು ಹದಿನಾರು ತಿಂಗಳಿಗೊಮ್ಮೆ ಸೂರ್ಯನಿಗೆ ಎದುರಾಗಿ ಬಂದು ರಾತ್ರಿಯೆಲ್ಲ ಆಕಾಶದಲ್ಲಿರುವುದು. ಆಗ ಪಂಚಾಂಗದವರು ವಕ್ರಗತಿ ಎನ್ನುವಂತೆ ಹಿಂದು ಹಿಂದಕ್ಕೆ ನಡೆಯುವಂತೆ ತೋರುವುದು.

ಪಾಗ್‌ಸನ್ನರು ಒಂದಕ್ಕೆ ತೃಪ್ತರಾಗಲಿಲ್ಲ. ಮದರಾಸಿನಿಂದಲೇ ೧೮೬೪ರಲ್ಲಿ ಸ್ಯಾಫೋ, ೧೮೬೬ರಲ್ಲಿ ಸಿಲ್ವಿಯಾ, ೧೮೬೮ರಲ್ಲಿ ಕ್ಯಾಮಿಲ್ಲಾ, ೧೮೮೫ರಲ್ಲಿ ವೀರಾ ಎಂಬ ಕಿರುಗ್ರಹಗಳನ್ನು ಕಂಡರು. ಇವುಗಳಲ್ಲಿ ಸಿಲ್ವಿಯಾಕ್ಕೆ ಎರಡು ಪುಟ್ಟ ಉಪಗ್ರಹಗಳಿರುವುದು ೨೦೦೫ರಲ್ಲಿ ಪ್ರಕಟವಾಯಿತು. ಎರಡು ಚಂದ್ರರುಳ್ಳ ಕಿರುಗ್ರಹವೆಂದು ಮೊದಲು ತಿಳಿದುಬಂದದ್ದು ಅದೇ.

ಇಲ್ಲಿ ಓದುಗರು ಕೇಳಬಹುದು: ಕಂಡವರು ಇಂಗ್ಲೆಂಡಿನವರು, ಯಂತ್ರಗಳು ಯೂರೋಪಿನವು, ಇದರಲ್ಲಿ ನಮ್ಮದೇನು? ಈ ಪ್ರಶ್ನೆ ನನ್ನನ್ನೂ ಕಾಡಿತು. ಒಬ್ಬರ ವಿಷಯವನ್ನಂತೂ ಹೇಳಲೇಬೇಕು. ಚಿಂತಾಮಣಿ ರಘುನಾಥಾಚಾರ್ಯರು ಆ ವೇಧಶಾಲೆಯಲ್ಲಿ ಮೂರು ದಶಕಗಳಿಗೂ ಮೀರಿ ದುಡಿದು ಪಾಗ್‌ಸನ್ನರ ಪ್ರಧಾನ ಸಹಾಯಕರಾದವರು. ರಾತ್ರಿ ನಕ್ಷತ್ರಗಳನ್ನು ಅಳೆಯುವುದು, ಹಗಲು ಆ ಅಳತೆಗಳನ್ನು ಗುಣಿಸಿ ತಿದ್ದುವುದು ಅಲ್ಲಿಯ ಸಹಾಯಕರ ಕೆಲಸ. ಕಿರುಗ್ರಹದ ಸ್ಥಾನವನ್ನು ಅಕ್ಕಪಕ್ಕದ ನಕ್ಷತ್ರಗಳಿಂದಲೇ ಅಳೆಯಬೇಕಲ್ಲವೆ? ನಕ್ಷತ್ರಗಳ ಸ್ಥಾನ ತಪ್ಪಿದರೆ ಗ್ರಹದ ಹಾದಿಯೂ ತಪ್ಪಿತು. ೧೮೬೭ರ ಜನವರಿಯಲ್ಲಿ ಆಚಾರ್ಯರು ರೆಟಿಕ್ಯುಲಮ್ ಎಂಬ ದಕ್ಷಿಣದ ನಕ್ಷತ್ರಪುಂಜದಲ್ಲಿ ಕಾಂತಿ ಏರಿಳಿಯುವ ನಕ್ಷತ್ರವೊಂದನ್ನು ತಾವಾಗಿ ಕಂಡರು. ೧೮೭೨ರಲ್ಲಿ ಲಂಡನಿನ ರಾಯಲ್ ಖಗೋಳ ಸಂಘದವರು ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡರು.

ಅವರು ಕನ್ನಡಿಗರಿಗೆ ಕೊಟ್ಟದ್ದೊಂದಿದೆ. ೧೮೭೪ರ ಡಿಸೆಂಬರ್ ೯ರಂದು ಶುಕ್ರನು ಸೂರ್ಯಬಿಂಬವನ್ನು ಹಾದುಹೋಗುವುದಿತ್ತು. ಅದಕ್ಕೆ ಮೊದಲೇ ಆಚಾರ್ಯರು ಆ ಸಂಗತಿಯನ್ನು ಜನರಿಗೆ ತಿಳಿಸುವ ಪುಸ್ತಿಕೆಯನ್ನು ಬರೆದರು. ಅದು ಕನ್ನಡದಲ್ಲಿಯೂ ಅಚ್ಚಾಯಿತು. ಶುಕ್ರನ ಆ ಸಂಕ್ರಮಣವನ್ನು ಜಗತ್ತೆಲ್ಲ ಅಷ್ಟು ಆಸಕ್ತಿಯಿಂದ ನೋಡಲು ಕಾರಣವೇನು ಗೊತ್ತೆ? ಭೂಮಿಗೂ ಸೂರ್ಯನಿಗೂ ಇರುವ ದೂರವನ್ನು ಅದರಿಂದ ಅಳೆಯಬಹುದಾಗಿತ್ತು. ನಾವು ಮೇಲೆ ಅಳತೆಗೋಲೆಂದು ಇಟ್ಟುಕೊಂಡದ್ದು ಅದೇ ದೂರ! ಏಷ್ಯಾದ ಹಾದಿ ಎಷ್ಟು ಕೋಲೆಂಬುದು ಲೆಕ್ಕದಿಂದ ಸಿಕ್ಕೀತು. ಕೋಲಿನ ಉದ್ದವೆಷ್ಟೆಂಬುದು ಇಂಥ ಅಳತೆಯಿಂದಲೇ ಸಿಕ್ಕಬೇಕು. ಆ ವಿಷಯವನ್ನು ೧೫೦ ವರ್ಷಗಳ ಹಿಂದೆ ನಮ್ಮ ಭಾಷೆಯಲ್ಲಿ ತಿಳಿಸಬೇಕೆಂದು ಒಬ್ಬರಿಗೆ ತೋರಿತ್ತೆಂಬುದೇ ನನಗೆ ದೊಡ್ಡ ಸಂಗತಿ. ರಘುನಾಥಾಚಾರ್ಯರು ೧೮೮೦ರಲ್ಲಿಯೂ ಪಾಗ್‌ಸನ್ನರು ೧೮೯೧ರಲ್ಲಿಯೂ ಕಾಲವಾದರು. ಪಾಗ್‌ಸನ್ನರ ಕಾಲದ ಅಳತೆಗಳಲ್ಲಿ ಬಹುಭಾಗ ಅವರ ಅನಂತರವೇ ಅಚ್ಚಾಗಬೇಕಾಯಿತು.

ವೀರಾ ದೊರೆತ ಮೇಲೆ ನಮ್ಮ ದೇಶದಿಂದ ಕಿರುಗ್ರಹವೊಂದನ್ನು ಕಂಡ ಸುದ್ದಿ ನೂರು ವರ್ಷ ಕಳೆದರೂ ಬರಲಿಲ್ಲ. ಮದರಾಸಿನ ಕೆಲಸ ಶತಮಾನದ ಕೊನೆಗೆ ಕೊಡೈಕನಾಲಿಗೆ ಸಾಗಿತು. ಅಲ್ಲಿ ಸೂರ್ಯನ ಅಧ್ಯಯನಕ್ಕೇ ಪ್ರಾಧಾನ್ಯ. ೧೯೬೦ರಲ್ಲಿ ಅಲ್ಲಿಗೆ ನಿರ್ದೇಶಕರಾಗಿ ಬಂದ ವೇಣು ಬಾಪು ಅವರು ನಕ್ಷತ್ರವೀಕ್ಷಣೆಗೆ ತಕ್ಕ ಸ್ಥಳವನ್ನು ಹುಡುಕಿ, ತಮಿಳುನಾಡಿನ ಜವಾದಿ ಬೆಟ್ಟಗಳ ನಡುವಿನ ಕಾವಲೂರನ್ನು ಆರಿಸಿದರು. ೧೯೭೧ರಲ್ಲಿ ಈ ಸಂಸ್ಥೆ ಭಾರತೀಯ ತಾರಾಭೌತ ಸಂಸ್ಥೆ ಎಂಬ ಹೆಸರಿನಿಂದ ಸ್ವಾಯತ್ತವಾಯಿತು. ಅದರ ಕೇಂದ್ರ ಇಂದು ಬೆಂಗಳೂರಿನ ಕೋರಮಂಗಲದಲ್ಲಿದೆ. ಹೀಗೆ ಏಷ್ಯಾವನ್ನು ಕಂಡ ಮದರಾಸಿನ ಮನೆತನ ನಮ್ಮ ಬೆಂಗಳೂರಿಗೆ ಬಂದು ನೆಲಸಿತು.

ಆ ಸಂಸ್ಥೆಯ ಆರ್. ರಾಜಮೋಹನ್ ಅವರು 'ಕಲ್ಕಿ' ಎಂಬ ಯೋಜನೆಯನ್ನು ಹಮ್ಮಿಕೊಂಡು, ಕಾವಲೂರಿನ ಷ್ಮಿಟ್ ದೂರದರ್ಶಕದಿಂದ ಆಕಾಶದ ಛಾಯಾಚಿತ್ರಗಳನ್ನು ತೆಗೆದು ಕಿರುಗ್ರಹಗಳನ್ನು ಹುಡುಕಿದರು. ೧೯೮೮ರ ಜನವರಿ ೨೬ರಂದು ಒಂದು, ಫೆಬ್ರವರಿ ೧೭ರಂದು ಇನ್ನೊಂದು ಸಿಕ್ಕಿದುವು. ಹೊಸದಾಗಿ ಕಂಡದ್ದಕ್ಕೆ ಮೊದಲು ತಾತ್ಕಾಲಿಕವಾದ ಗುರುತೊಂದನ್ನು ಕೊಡುವರು. ಜನವರಿಯದು '೧೯೮೮ ಬಿಎಕ್ಸ್'. ಇದರಲ್ಲಿ 'ಬಿ' ಎಂದರೆ ವರ್ಷದ ಎರಡನೆಯ ಪಕ್ಷ, ಜನವರಿಯ ಉತ್ತರಾರ್ಧ. 'ಎಕ್ಸ್' ಎಂದರೆ ಆ ಅವಧಿಯಲ್ಲಿ ೨೩ನೆಯದು. ಫೆಬ್ರವರಿಯದು '೧೯೮೮ ಡಿಕ್ಯು೧'. ಫೆಬ್ರವರಿಯ ಉತ್ತರಾರ್ಧದಲ್ಲಿ ೪೧ನೆಯದು.

ಕಾಯಂ ಸಂಖ್ಯೆ ಹೀಗೆ ಕಂಡ ಕೂಡಲೆ ಬರುವುದಿಲ್ಲ. ಕಿರುಗ್ರಹವು ಹಲವು ಸಲ ಮರಳಿ ಬಂದು, ಹಲವು ದೇಶಗಳವರು ಅಳೆದು, ಕಕ್ಷೆ ಸಂದೇಹವಿಲ್ಲದೆ ನಿಂತ ಮೇಲೆಯೇ ಸಂಖ್ಯೆ. ಅದರ ಮೇಲೆ ಹೆಸರು. ಆದುದರಿಂದ ಮೊದಲು ಕಂಡದ್ದು ಹಿಂದೆ ಬಿತ್ತು. ಫೆಬ್ರವರಿಯದಕ್ಕೆ ೪೧೩೦ ಎಂಬ ಸಂಖ್ಯೆ ಬಂದು, ಗಣಿತಜ್ಞ ರಾಮಾನುಜನ್ ಅವರ ಹೆಸರಾಯಿತು. ಜನವರಿಯದು ೮೩೪೮ರವರೆಗೂ ಕಾಯಬೇಕಾಯಿತು. ಅದಕ್ಕೆ ಬೆಂಗಳೂರಿನ ಸಂಸ್ಥೆಯ ನಿರ್ದೇಶಕರಾಗಿದ್ದ ಜೆ. ಸಿ. ಭಟ್ಟಾಚಾರ್ಯ ಅವರ ಹೆಸರು. ಇಂದು ಹೀಗೆ ಸಂಖ್ಯೆ ಪಡೆದ ಕಿರುಗ್ರಹಗಳು ಏಳು ಲಕ್ಷಕ್ಕೂ ಮೀರಿವೆ. ಒಂದೊಂದರ ಹಿಂದೆಯೂ ಕಂಡವರೊಬ್ಬರಿದ್ದರೆ ಅಳೆದವರು ಅನೇಕರು.

ಇಷ್ಟನ್ನೂ ಒಂದು ದಿನ ತರಗತಿಯಲ್ಲಿ ಹೇಳಿದೆ. ಆ ಹುಡುಗಿ ಸುಮ್ಮನಿರಲಿಲ್ಲ. "ಲೆಕ್ಕ ಮಾಡಿದವರ ಹೆಸರೆಲ್ಲ ಎಲ್ಲಿದೆ ಸಾರ್?" ಎಂದಳು. ಗುಡಿ ಕಟ್ಟಿಸಿದವರ ಹೆಸರು ಶಾಸನದಲ್ಲಿದೆ, ಕಲ್ಲು ಹೊತ್ತವರ ಹೆಸರು ಇಲ್ಲ. ಇಲ್ಲಿಯೂ ಹಾಗೆಯೇ ಎಂದೆ. ಆ ಉತ್ತರ ಅವಳಿಗೆ ಹಿಡಿಸಲಿಲ್ಲ. ನನಗೂ ಹಿಡಿಸಲಿಲ್ಲ.

ಮರುದಿನ ಅವಳು ಕೆಪ್ಲರನ ಲೆಕ್ಕವನ್ನು ತಾನೇ ಮಾಡಿಕೊಂಡು ಬಂದಳು. "ಪುಸ್ತಕದಲ್ಲಿ ೩.೭೭ ವರ್ಷ ಎಂದಿದೆ. ನನಗೆ ೩.೭೬ ಬರುತ್ತದೆ ಸಾರ್. ಎಲ್ಲಿ ತಪ್ಪಿದೆ?" ನಾನು ನಮ್ಮ ಗಣಿತದ ಉಪಾಧ್ಯಾಯರನ್ನು ಕೂಡಿಸಿಕೊಂಡು ನೋಡಿದೆ. ಅವಳ ಗುಣಾಕಾರದಲ್ಲಿ ತಪ್ಪಿರಲಿಲ್ಲ. ದೂರವನ್ನು ನಾನು ೨.೪೨ ಎಂದು ಹೇಳಿದ್ದೆ. ಮೂರನೆಯ ದಶಮಾಂಶದವರೆಗೆ ಹೋದರೆ ಅದು ೨.೪೨೧. ಆ ಒಂದನ್ನು ಸೇರಿಸಿದ ಮೇಲೆ ೩.೭೭ ಬಂದಿತು.

"ಅಷ್ಟು ಸಣ್ಣದಕ್ಕೆ ಇಷ್ಟು ಗಲಾಟೆಯೆ?" ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ನಕ್ಕನು. ಗಣಿತದ ಉಪಾಧ್ಯಾಯರು ಹಲಗೆಯ ಮೇಲೆ ಬರೆದು ತೋರಿಸಿದರು. ನಾನು ಬಿಟ್ಟ ಆ ಒಂದು ಅಂಕೆಯಿಂದ ಒಂದು ಸುತ್ತಿಗೆ ಸುಮಾರು ಒಂದು ದಿನದಷ್ಟು ತಪ್ಪು ಬೀಳುತ್ತದೆ. ೧೮೬೧ರಿಂದ ಈಚೆಗೆ ಏಷ್ಯಾ ನಾಲ್ವತ್ತಕ್ಕೂ ಹೆಚ್ಚು ಸುತ್ತು ಸುತ್ತಿದೆ. ಆದುದರಿಂದ ಇಂದಿಗೆ ತಪ್ಪು ಒಂದು ತಿಂಗಳಿಗೂ ಮೀರುತ್ತದೆ. ಆ ಲೆಕ್ಕವನ್ನು ನಂಬಿ ಈ ರಾತ್ರಿ ದೂರದರ್ಶಕವನ್ನು ತಿರುಗಿಸಿದವರಿಗೆ ಅಲ್ಲಿ ಏಷ್ಯಾ ಇರುವುದಿಲ್ಲ.

ಹುಡುಗಿ ತನ್ನ ಪುಸ್ತಕದಲ್ಲಿ ೨.೪೨ನ್ನು ಹೊಡೆದುಹಾಕಿ, ೨.೪೨೧ ಎಂದು ತಿದ್ದಿಕೊಂಡಳು. ಓದುಗರೂ ದಯವಿಟ್ಟು ತಿದ್ದಿಕೊಳ್ಳಬೇಕು.